ಹಿರೇಕೆರೂರಿನ ಟೆಂಟಿನಲ್ಲಿ ಕುದುರೆ ಏರಿದ ಸೊಸೆ

ನಾನು ಆಕೆಯನ್ನು ಮೊದಲು ಕಂಡದ್ದು ಶಿಗ್ಗಾವಿಯ ಥಿಯೇಟರಿನಲ್ಲಿ, ಆಕೆ ಸೊಸೆ ಮಾಡಿಟ್ಟ ಸಾರಿಗೆ ಕದ್ದು ಉಪ್ಪು ಸುರಿಯುತ್ತಿದ್ದಾಗ. ನಾನಾಗ ಲಂಗ ಉಡುವ ಹುಡುಗಿ. ಪರದೆಯ ಮೇಲಿನ ಆ ನಟಿಗೆ ಆಗಲೇ ಐವತ್ತರ ಹತ್ತಿರ ಇರಬೇಕು. ಕುತ್ತಿಗೆ ತುಂಬ ಸರ, ಹಣೆ ತುಂಬ ಕುಂಕುಮ, ತುಟಿಯ ಒಂದೇ ಕೊನೆಯನ್ನು ಮೇಲಕ್ಕೆತ್ತಿ ನಗುವ ಒಂದು ನಗು. ಆ ನಗು ಬಂತೆಂದರೆ ನಮ್ಮ ಸಾಲಿನ ಹೆಂಗಸರೆಲ್ಲ ಹಲ್ಲು ಕಡಿಯುತ್ತಿದ್ದರು. ನನ್ನ ಅವ್ವನಂತೂ ಕೈ ಎತ್ತಿ ಪರದೆಗೇ ನೆಟಿಗೆ ಮುರಿದು ಶಾಪ ಹಾಕುತ್ತಿದ್ದಳು. ಆ ನಟಿಗೂ ಒಂದು ಕಾಲದಲ್ಲಿ ವಯಸ್ಸಿತ್ತು, ಎರಡು ಜಡೆ ಇತ್ತು ಎಂದು ನನಗೆ ಯಾರೂ ಹೇಳಲಿಲ್ಲ. ಹುಟ್ಟಿದಾಗಲೇ ಅತ್ತೆಯಾಗಿ ಹುಟ್ಟಿದ್ದಾಳೆ ಎಂದೇ ನಾನು ತಿಳಿದಿದ್ದೆ.

ಮದುವೆಯಾಗಿ ಸವಣೂರಿಗೆ ಬಂದೆ. ಗಂಡನ ಮನೆಯಲ್ಲಿ ಸೇವು, ಚೂಡಾದಂಥ ಖಾರಾ ಮಾಡಿ ಮಾರುವ ಕಸುಬು. ಹಿಂದಿನ ಖೋಲಿಯಲ್ಲಿ ಎಣ್ಣೆಯ ಕಡಾಯಿ, ಮುಂದೆ ರಸ್ತೆಗೆ ಹತ್ತಿದ ಕಟ್ಟೆ, ಕಟ್ಟೆಯ ಒಂದು ಬದಿಗೆ ಅಂಗಡಿ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಅತ್ತೆ ಮತ್ತು ನಾನು ಬೆಳ್ಳುಳ್ಳಿ ಸುಲಿಯುತ್ತಾ ಕುಳಿತಿದ್ದೆವು. ಮಾತು ಸಿನಿಮಾದ ಕಡೆ ಹೊರಳಿತು. ನಾನು ಉಪ್ಪು ಸುರಿಯುವವಳನ್ನು ಬಾಯಿ ತುಂಬ ಬಯ್ದೆ. ಅತ್ತೆ ಬೆಳ್ಳುಳ್ಳಿಯನ್ನು ಮೊರಕ್ಕೆ ಹಾಕಿ, ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

"ಆಕಿ ಬಗ್ಗೆ ನನ್ನ ಮುಂದ ಹಗರ ಮಾತಾಡಬ್ಯಾಡವಾ. ಸೊಸಿಯಾಗಿ ಇಡೀ ಮನಿ ಕಸಾ ಬಳದು, ಆಮ್ಯಾಲೆ ಕುದುರಿ ಹತ್ತಿ ಕತ್ತಿ ಹಿಡದಾಕಿ ಆಕಿ."

ಉಪ್ಪಿನ ಡಬ್ಬಿ ಹಿಡಿದ ಆ ಮುದುಕಿಯನ್ನು ಕುದುರೆಯ ಮೇಲೆ ಕೂರಿಸಿ ನೋಡಿಕೊಂಡೆ. ನಗು ತಡೆಯಲಾಗಲಿಲ್ಲ. ಹೊಸ ಸೊಸೆ ಎಂದು ನಗು ನುಂಗುವ ಜಾಯಮಾನ ನನ್ನದಲ್ಲ; ಸಿಟ್ಟೂ ಹಾಗೆಯೇ, ಬಂದರೆ ಬಂತು. ಅತ್ತೆ ಬೇಜಾರು ಮಾಡಿಕೊಳ್ಳಲಿಲ್ಲ. ಪೂರಾ ಕಥೆ ಕೇಳಿ ಆಮೇಲೆ ನಗು ಎಂದು ಶುರು ಮಾಡಿದರು. ಆ ಕಥೆಯನ್ನು ಈ ಮೂವತ್ತು ವರ್ಷಗಳಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ದೇವರೇ ಬಲ್ಲ.

ಅತ್ತೆಯನ್ನು ಮದುವೆ ಮಾಡಿ ಕೊಟ್ಟದ್ದು ಹಿರೇಕೆರೂರು ಕಡೆಯ ಚಿಕ್ಕೇರೂರಿಗೆ. ಮದುವೆಯಾಗಿ ಒಂದು ಬೆಳೆ ಮನೆಗೆ ಬಂದಿತ್ತು, ಅಷ್ಟೇ. ಹಿರೇಕೆರೂರಿಗೆ ಟೆಂಟ್ ಸಿನಿಮಾ ಬಂದಿದೆ ಎಂದು ಓಣಿಯ ಹೆಂಗಸರೆಲ್ಲ ಒಂದು ಚಕ್ಕಡಿ ಕಟ್ಟಿಸಿಕೊಂಡು ಹೊರಟರು. ಅತ್ತೆಯ ಅತ್ತೆ ಅದು ಹೇಗೋ ಒಪ್ಪಿದ್ದಳಂತೆ. ಸಿನಿಮಾದಲ್ಲಿ ಈ ನಟಿ ಬಡವರ ಮನೆಯಿಂದ ಬಂದ ಸೊಸೆ. ಅಲ್ಲಿಯ ಅತ್ತೆ ಹಿಟ್ಟಿನ ಡಬ್ಬಿಯಲ್ಲಿ ಹಿಟ್ಟನ್ನು ಸಮ ಮಾಡಿ, ಮೇಲೆ ತನ್ನ ಅಂಗೈ ಒತ್ತಿ ಗುರುತು ಮಾಡಿ ಹೋಗುತ್ತಾಳೆ, ಸೊಸೆ ಒಂದು ಹಿಡಿ ತೆಗೆದರೂ ಗೊತ್ತಾಗಲಿ ಎಂದು. ಅದನ್ನು ನೋಡಿ ನನ್ನ ಅತ್ತೆ ನೆಟ್ಟಗೆ ಕುಳಿತರಂತೆ. ಚಿಕ್ಕೇರೂರಿನ ಅವರ ಮನೆಯಲ್ಲೂ ಹಿಟ್ಟಿನ ಮೇಲೆ ಅದೇ ಅಂಗೈ ಇತ್ತು. ಪಕ್ಕದಲ್ಲಿ ಕುಳಿತವರ ಮನೆಯಲ್ಲೂ ಇತ್ತು. ಟೆಂಟಿನ ಹೆಣ್ಣುಮಕ್ಕಳ ಬದಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಆಮೇಲೆ ಸೊಸೆ ಉಪವಾಸ ಬಿದ್ದಳು, ಬೀಸಿದಳು, ಕುಟ್ಟಿದಳು, ಬಾವಿಯ ಕಟ್ಟೆಗೆ ಕುಳಿತು ಹಾಡಿದಳು. ಇಂಟರ್ವಲ್ ಆಯಿತು.

ಇಂಟರ್ವಲ್ ಮುಗಿದು ದೀಪ ಆರಿತು. ನೋಡಿದರೆ ಅದೇ ಸೊಸೆ ಬಿಳಿ ಕುದುರೆಯ ಮೇಲೆ, ಸೊಂಟಕ್ಕೆ ಪಟ್ಟಿ, ಕೈಯಲ್ಲಿ ಕತ್ತಿ. ಕೋಟೆಯ ಬಾಗಿಲು ಒಡೆದಳು. ದಪ್ಪ ಮೀಸೆಯವನೊಬ್ಬನನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಿಮ್ಮೆಟ್ಟಿಸಿ ಬುರುಜಿನಿಂದ ಕೆಳಗೆ ಕೆಡವಿದಳು. ಕೊನೆಗೆ ಸಿಂಹಾಸನದ ಮೇಲೆ ಕುಳಿತಳು, ತುಟಿಯ ಒಂದೇ ಕೊನೆ ಮೇಲೆತ್ತಿ ನಕ್ಕಳು. ಟೆಂಟಿನಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಊರಿಗೆ ಮರಳುವಾಗ ಚಕ್ಕಡಿಯ ಹೆಂಗಸರು ಕಥೆಯ ತೂತುಗಳನ್ನೆಲ್ಲ ತಾವೇ ಹೊಲಿದರು. ಅವಳು ಮನೆ ಬಿಟ್ಟು ಹೋಗಿದ್ದನ್ನು ತೋರಿಸಿಲ್ಲ, ಅದು ನಾವು ತಿಳಿದುಕೊಳ್ಳಬೇಕಾದದ್ದು. ದಪ್ಪ ಮೀಸೆಯವನು ಅತ್ತೆಯ ಅಣ್ಣನೇ ಇರಬೇಕು, ಮೂಗು ನೋಡಿದರೆ ಗೊತ್ತಾಗುತ್ತದೆ. ಗಂಡನ ಮುಖ ಸ್ವಲ್ಪ ಬೇರೆ ಕಂಡದ್ದು ಕಿರೀಟದಿಂದ. ಚಿಕ್ಕೇರೂರು ಮುಟ್ಟುವುದರೊಳಗೆ ಸಿನಿಮಾ ಎಲ್ಲೂ ಹರಿಯದಂತೆ ಗಟ್ಟಿಯಾಗಿತ್ತು.

ಆ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ನನ್ನ ಅತ್ತೆ ಹಿಟ್ಟಿನ ಡಬ್ಬಿ ತೆರೆದರು. ಅವರ ಅತ್ತೆಯ ದೊಡ್ಡ ಅಂಗೈಯ ಪಕ್ಕದಲ್ಲಿ ತಮ್ಮ ಸಣ್ಣ ಅಂಗೈಯನ್ನು ಗಟ್ಟಿಯಾಗಿ ಒತ್ತಿದರು. ಮುಚ್ಚಳವನ್ನೂ ಹಾಕದೆ, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು, ಹೊಸ್ತಿಲು ದಾಟಿ ನಡೆದೇಬಿಟ್ಟರು. ಸವಣೂರಿನಲ್ಲಿ ದೂರದ ಸೋದರಮಾವನೊಬ್ಬ ವೀಳ್ಯದೆಲೆಯ ತೋಟದಲ್ಲಿ ಕೆಲಸಕ್ಕಿದ್ದ, ಅಲ್ಲಿಗೆ ಬಂದರು. ಅತ್ತೆಯ ಗಂಡ, ಅಂದರೆ ನನ್ನ ಮಾವನವರು, ವಾರದ ಮೇಲೆ ತಲೆಯ ಮೇಲೆ ಟ್ರಂಕ್ ಹೊತ್ತುಕೊಂಡು ಹಿಂದೆ ಬಂದರು. ಕರೆಯಲು ಬಂದಿರಾ, ಇರಲು ಬಂದಿರಾ ಎಂದು ಅತ್ತೆ ಕೇಳಿದರಂತೆ. ಟ್ರಂಕ್ ಭಾರ ಇದೆ, ಮೊದಲು ಇಳಿಸು ಎಂದರಂತೆ ಮಾವನವರು. ಖಾರಾ, ಅಂಗಡಿ, ಮನೆ, ನನ್ನ ಗಂಡ, ಕೊನೆಗೆ ನಾನು, ಎಲ್ಲ ಆಮೇಲೆ ಬಂದವು. ಈ ಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಮುಚ್ಚಳ ಉಂಟು, ಗುರುತು ಇಲ್ಲ. ನಾನು ಬಂದ ದಿನವೇ ಅತ್ತೆ ಅದನ್ನು ತೆರೆದು ತೋರಿಸಿದ್ದರು.

ಇಷ್ಟೇ ಆಗಿದ್ದರೆ ಸುಖವಾಗಿತ್ತು. ಆದರೆ ಅತ್ತೆಗೆ ಒಬ್ಬ ಅಕ್ಕ, ಹಾನಗಲ್ಲಿಗೆ ಕೊಟ್ಟವರು. ನಮಗೆ ದೊಡ್ಡತ್ತೆ. ತಂಗಿ ಗಂಡನ ಮನೆ ಬಿಟ್ಟಳೆಂದು ತವರಿನವರು ಬುದ್ಧಿ ಹೇಳಲು ಕಳಿಸಿದ್ದು ಇವರನ್ನೇ. ಅಕ್ಕ ಬೈದರು, ಅತ್ತರು, ಹೊಂದಿಕೊಂಡು ಹೋಗು ಎಂದರು. ತಂಗಿ ಸಿನಿಮಾದ ಕಥೆ ಹೇಳಿ, ಆಕೆ ಹೊಂದಿಕೊಂಡಳೇನು ಎಂದು ಕೇಳಿದಳು. ಅಲ್ಲಿ ಹತ್ತಿಕೊಂಡಿತು ಜಗಳ. ದೊಡ್ಡತ್ತೆಯೂ ತಂಗಿ ಟೆಂಟಿಗೆ ಹೋದ ವಾರವೇ ಹಾನಗಲ್ಲಿನ ಟೆಂಟಿನಲ್ಲಿ ಅದೇ ನಟಿಯ ಸಿನಿಮಾ ನೋಡಿದ್ದರು.

"ಕತಿ ನಿನಗ ಬೇಕಾದಂಗ ತಿರುವಿ ಹೇಳಾಕತ್ತಿ. ಕಡೀಕ ಆಕಿ ಅತ್ತಿ ಕಾಲು ಹಿಡಿತಾಳ, ನಾ ಕಣ್ಣಾರೆ ನೋಡೇನಿ. ಸುಳ್ಳು ಹೇಳೇನಿ ಅಂತ ನೀ ಒಪ್ಪೂತನಕಾ ನಿನ್ನ ಮನಿ ಹೊಸ್ತಿಲಾ ನಾ ತುಳಿಯೂದಿಲ್ಲ."

ಹೇಳಿದ ಮಾತಿಗೆ ದೊಡ್ಡತ್ತೆ ಗಟ್ಟಿ. ಬಳಗದಲ್ಲಿ ಲಗ್ನ, ಬಸುರಿಯ ಕುಬಸ, ಸಾವು ಏನಿದ್ದರೂ ಅಕ್ಕತಂಗಿಯರು ಬೇರೆಯವರ ಮನೆಯಲ್ಲಿ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು, ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ನಮ್ಮ ಮನೆಗೆ ಮಾತ್ರ ಇಲ್ಲ. ಮಾವನವರು ತೀರಿಕೊಂಡಾಗಲೂ ದೊಡ್ಡತ್ತೆ ಬಂದು ಹೊರಗೆ ಕಟ್ಟೆಯ ಮೇಲೆಯೇ ಕುಳಿತರು. ಅತ್ತೆ ಹೊರಗೆ ಹೋಗಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಅತ್ತರು. ಒಳಗಿನಿಂದ ನೋಡುತ್ತಿದ್ದ ನನಗೆ ದುಃಖಕ್ಕಿಂತ ಸಿಟ್ಟು ಬಂದಿತ್ತು. ಒಂದು ಸಿನಿಮಾದ ಸಲುವಾಗಿ ಇದೇನು ಹಟ ಎಂದು ಅತ್ತೆಯನ್ನು ಕೇಳಿಯೂಬಿಟ್ಟೆ. ಸುಳ್ಳು ಹೇಳಿದೆ ಎಂದು ಒಪ್ಪಿದರೆ ನನ್ನ ಬದುಕೇ ಸುಳ್ಳಿನ ಮೇಲೆ ಕಟ್ಟಿದ್ದು ಅಂತಾಗುತ್ತದಲ್ಲ ಎಂದರು ಅತ್ತೆ.

ಈ ನಡುವೆ ಟಿವಿ ಬಂತು, ಅದರಲ್ಲಿ ಆ ನಟಿಯ ಹಳೆಯ ಸಿನಿಮಾಗಳೂ ಬಂದವು. ನನಗಂತೂ ಹಬ್ಬ. ಒಂದು ಭಾನುವಾರ ಆಕೆ ಹುತ್ತದಿಂದ ಎದ್ದು ಬರುವ ದೇವಿ, ಇನ್ನೊಂದು ವಾರ ಸಿಗರೇಟು ಹಿಡಿದು ಮೆಟ್ಟಿಲಿಳಿಯುವ ಕ್ಲಬ್ಬಿನ ಕುಣಿತದವಳು. ಕನ್ನಡಕ ಹಾಕಿದ ಡಾಕ್ಟರಾದಳು, ಹೂ ಮಾರುವ ಕುರುಡಿಯಾದಳು, ಅವಳಿಜವಳಿಯಾಗಿ ತನಗೆ ತಾನೇ ಕಪಾಳಕ್ಕೆ ಹೊಡೆದುಕೊಂಡಳು. ತೀರಾ ವಯಸ್ಸಾದ ಮೇಲೆ ಧಾರಾವಾಹಿಯಲ್ಲಿ ಅಜ್ಜಿಯಾಗಿ, ಹಾಸಿಗೆಯ ಮೇಲೆ ಕುಳಿತೇ ಮನೆ ಮಂದಿಯನ್ನೆಲ್ಲ ಕುಣಿಸಿದಳು. ದೇವಿಯಾದರೂ, ದುಷ್ಟಳಾದರೂ ತುಟಿಯ ಕೊನೆಯ ಆ ನಗು ಅದೇ. ನಾನು ಒಂದೊಂದಕ್ಕೂ ಬಾಯಿ ಬಿಟ್ಟು ನೋಡುತ್ತಿದ್ದೆ. ಅತ್ತೆಗೆ ಇದರಲ್ಲಿ ಅಚ್ಚರಿಯೇ ಇರಲಿಲ್ಲ. ತಾವೂ ಖಾರಾ ಮಾರಿಲ್ಲವೇ, ಎಲೆ ಮಾರಿಲ್ಲವೇ, ನಡುವೆ ಉಪ್ಪಿನಕಾಯಿ ಮಾರಿಲ್ಲವೇ, ಮಾರಿದ ಕೈ ಒಂದೇ ತಾನೇ ಎನ್ನುತ್ತಿದ್ದರು. ಆದರೆ ಕುದುರೆಯ ಸೊಸೆ ಮಾತ್ರ ಯಾವ ಭಾನುವಾರವೂ ಬರಲಿಲ್ಲ. ಅತ್ತೆಗೆ ಸಿನಿಮಾದ ಹೆಸರು ಗೊತ್ತಿಲ್ಲ. ಆಗ ಓದಲು ಬರುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅದು ಸಿಕ್ಕಿತು. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಹಳೆಯ ಸಿನಿಮಾ ಹುಡುಕುತ್ತಾ ಕುಳಿತಿದ್ದೆ. ಯಾರೋ ಪುಣ್ಯಾತ್ಮರು ಹಾಕಿದ್ದರು. ಹಿಟ್ಟಿನ ಡಬ್ಬಿ ಕಂಡಿತು, ಅದರ ಮೇಲೆ ಅಂಗೈ ಒತ್ತಿದ್ದು ಕಂಡಿತು. ಅತ್ತೆಗೆ ಹೇಳದೆ, ಬಂದ ಗಿರಾಕಿಯನ್ನು ಕಾಯಿಸಿ, ಪೂರಾ ನೋಡಿದೆ. ಇಂಟರ್ವಲ್ ಆದ ಮೇಲೆ ಕುದುರೆ ಬರಲಿಲ್ಲ. ಮತ್ತೆ ಬೀಸುವ ಕಲ್ಲೇ ಬಂತು. ಸಿನಿಮಾದ ಅತ್ತೆ ಕಾಯಿಲೆ ಬಿದ್ದಳು, ಸೊಸೆ ಸೇವೆ ಮಾಡಿದಳು, ಕೊನೆಗೆ ಕಾಲು ಹಿಡಿದಳು. ಮುದುಕಿ ಅಳುತ್ತಾ ಹಿಟ್ಟಿನ ಮೇಲಿನ ತನ್ನ ಗುರುತನ್ನು ತಾನೇ ಅಳಿಸಿದಳು. ಶುಭಂ.

ಹಾಗಾದರೆ ದೊಡ್ಡತ್ತೆ ಹೇಳಿದ್ದೇ ಸರಿ. ನಮ್ಮ ಅತ್ತೆ ಕುದುರೆಯನ್ನು ಕನಸಿನಲ್ಲಿ ಕಂಡರೇ? ಫೋನನ್ನು ಅಡಗಿಸಿಟ್ಟು ಸುಮ್ಮನಿದ್ದುಬಿಡಬೇಕು ಎಂದುಕೊಂಡೆ. ಆದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಸಂಜೆ ಚಹಾ ಕೊಡುವಾಗ ಎಲ್ಲ ಹೇಳಿಬಿಟ್ಟೆ. ಅತ್ತೆ ಚಹಾದ ಬಸಿಯನ್ನು ಕೆಳಗಿಟ್ಟರು.

"ಅಕ್ಕಗ ಫೋನ್ ಹಚ್ಚು," ಎಂದರು. "ಬಂದು ನೋಡ್ಲಿ. ನಾ ಸುಳ್ಳಾಗಿದ್ರ ಆಕಿ ಮುಂದನ ಒಪ್ಕೋತೇನಿ. ಇಬ್ಬರಿಗೂ ಎಂಬತ್ತಾತು. ಆಕಿ ಒಮ್ಮೆ ಒಳಗ ಬಂದ್ರ ಸಾಕು ನನಗ."

ನಾನು ಜಗಳಾಡಿದೆ. ಒಪ್ಪಬೇಡಿ, ಬಿಟ್ಟು ಬಂದದ್ದು ನಿಮ್ಮ ಧೈರ್ಯ, ಸಿನಿಮಾದ್ದಲ್ಲ ಎಂದೆ. ಅತ್ತೆ ಕೇಳಲಿಲ್ಲ. ಫೋನು ಹಚ್ಚಿದೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ದೊಡ್ಡತ್ತೆ ಯಾರ ಹಂಗಿಲ್ಲದೆ ತಿರುಗುತ್ತಾರೆ. ಎರಡೇ ದಿನಕ್ಕೆ ಒಬ್ಬರೇ ಬಂದಿಳಿದರು, ಕೈಯಲ್ಲಿ ಬಟ್ಟೆಯ ಚೀಲ. ಬಂದವರೇ ಕಟ್ಟೆಯ ಮೇಲೆ ಕುಳಿತು, ನಾಲ್ಕರ ಬಸ್ಸಿಗೆ ಹೋಗಬೇಕು, ಸಂಜೆಯ ರೊಟ್ಟಿ ತಾನೇ ಬಡಿಯಬೇಕು ಎಂದರು. ಮಗನಿಗೆ ಇವರ ಕೈಯ ರೊಟ್ಟಿಯೇ ಆಗಬೇಕು. ಮಗನೆಂದರೆ ನೌಕರಿಯಿಂದ ನಿವೃತ್ತನಾದ ಗೃಹಸ್ಥ, ಮೊಮ್ಮಕ್ಕಳನ್ನು ಕಂಡವನು. ಒಳಗೆ ಬನ್ನಿ ಎಂದು ಕರೆದೆ. ಹೊಸ್ತಿಲನ್ನು ಒಮ್ಮೆ ನೋಡಿ, ಇಲ್ಲೇ ಗಾಳಿ ಚೆನ್ನಾಗಿದೆ ಎಂದರು.

ಇನ್ನೇನು ಮಾಡುವುದು? ಪಡಸಾಲೆಯ ಟಿವಿಯನ್ನು ಬಾಗಿಲಿನ ಕಡೆ ತಿರುಗಿಸಿದೆ. ಫೋನಿನ ಚಿತ್ರವನ್ನು ಟಿವಿಗೆ ಹಾರಿಸಲು ಹೋಗಿ, ಅದು ಒಮ್ಮೆ ಹಾರಿ ಒಮ್ಮೆ ಬಿದ್ದು, ನನ್ನ ಬಾಯಿಂದ ಬರಬಾರದ ಮಾತುಗಳೆಲ್ಲ ಬಂದ ಮೇಲೆ ಸಿನಿಮಾ ಶುರುವಾಯಿತು. ಅತ್ತೆ ಒಳಗೆ ಹೊಸ್ತಿಲಿಗೆ ಹತ್ತಿ ಕುಳಿತರು, ದೊಡ್ಡತ್ತೆ ಹೊರಗೆ ಹೊಸ್ತಿಲಿಗೆ ಹತ್ತಿ. ನಡುವೆ ಎಲೆ ಅಡಿಕೆಯ ತಟ್ಟೆ ಹೊಸ್ತಿಲಿನ ಮೇಲೆಯೇ ಇತ್ತು, ಅದು ಇಬ್ಬರಿಗೂ ಸೇರಿದ್ದು.

ಹಿಟ್ಟಿನ ಮೇಲೆ ಅಂಗೈ ಬಿತ್ತು. ದೊಡ್ಡತ್ತೆ ಓ ಎಂದರು. ಆ ಮುದುಕಿ ಕೊನೆಗೆ ಅಳುತ್ತಾ ಹಿಟ್ಟು ಯಾಕೆ ಸವರುತ್ತಾಳೆ ಎಂದು ಇಷ್ಟು ವರ್ಷ ತಿಳಿದಿರಲಿಲ್ಲ, ಈಗ ತಿಳಿಯಿತು ಎಂದರು. ನನಗೆ ಅದು ಸ್ವಲ್ಪ ವಿಚಿತ್ರ ಅನ್ನಿಸಿತು. ಸಿನಿಮಾ ನೋಡಿದವರಿಗೆ ಅದು ಹೇಗೆ ತಿಳಿದಿಲ್ಲ? ಇನ್ನೂ ಸ್ವಲ್ಪ ಹೊತ್ತಿಗೆ ದೊಡ್ಡತ್ತೆ ಚಡಪಡಿಸತೊಡಗಿದರು.

"ಇದೇನಿದು, ಬರೀ ಮುಸುರಿ ತಿಕ್ಕಾಕತ್ತಾಳ. ಕುದುರಿ ಎಲ್ಲೈತಿ?"

ಅತ್ತೆಯ ಕೈಯಲ್ಲಿನ ಎಲೆ ಹಾಗೇ ನಿಂತಿತು. ನಾನು ಸಿನಿಮಾ ನಿಲ್ಲಿಸಿದೆ.

"ಯಾವ ಕುದುರಿ ಅಕ್ಕಾ?"

"ಮೊದಲಿಗೆ ರಾಣಿ ಇರ್ತಾಳಲ್ಲ ಈಕಿ. ಬಿಳಿ ಕುದುರಿ ಇರ್ತೈತಿ. ಲಗ್ನ ಆದಮ್ಯಾಲಲ್ಲೇನು ಈ ಮುಸುರಿ, ಕಲ್ಲು, ಎಲ್ಲಾ?"

ಆಮೇಲೆ ನಾವು ಮೂವರೂ ಒಟ್ಟಿಗೇ ಮಾತಾಡಿದೆವು, ಯಾರ ಮಾತು ಯಾರಿಗೂ ಕೇಳಲಿಲ್ಲ. ನಾನು ಫೋನಿನಲ್ಲಿ ಆ ನಟಿ, ರಾಣಿ, ಕುದುರೆ ಎಂದು ಹುಡುಕಿದೆ. ಇನ್ನೊಂದು ಸಿನಿಮಾ ಸಿಕ್ಕಿತು. ಮೊದಲಿಗೆ ಬಿಳಿ ಕುದುರೆಯ ರಾಜಕುಮಾರಿ ನದಿ ದಾಟುತ್ತಿದ್ದಳು. ಅದೇ ಎಂದರು ದೊಡ್ಡತ್ತೆ. ಕೊನೆಗೆ ಓಡಿಸಿದೆ. ದಪ್ಪ ಮೀಸೆಯವನು ಬುರುಜಿನಿಂದ ಬಿದ್ದ. ಅದೇ, ಅದೇ ಎಂದರು ನನ್ನ ಅತ್ತೆ, ಕುಳಿತಲ್ಲೇ ಬಗ್ಗಿ ಟಿವಿಗೆ ಕೈ ಮುಗಿದರು.

ಎರಡು ಸಿನಿಮಾ. ನಟಿ ಒಬ್ಬಳೇ. ಒಂದೇ ಮಾಲಕನಿಗೆ ಎರಡು ಟೆಂಟುಗಳಿದ್ದವು, ರೀಲಿನ ಡಬ್ಬಿಗಳು ಒಂದೇ ಬಸ್ಸಿನ ಟಪ್ಪಿನ ಮೇಲೆ ಬರುತ್ತಿದ್ದವು ಎಂಬುದು ದೊಡ್ಡತ್ತೆಗೆ ನೆನಪಿತ್ತು. ಯಾರೋ ಇಳಿಸುವಾಗ ಎರಡನೆಯ ಅರ್ಧದ ಡಬ್ಬಿಗಳನ್ನು ಅದಲುಬದಲು ಮಾಡಿದ್ದಾರೆ. ಹಿರೇಕೆರೂರಿನಲ್ಲಿ ಸೊಸೆ ರಾಣಿಯಾದಳು, ಹಾನಗಲ್ಲಿನಲ್ಲಿ ರಾಣಿ ಸೊಸೆಯಾದಳು. ಮರುದಿನ ಸರಿಮಾಡಿಕೊಂಡಿರಬೇಕು, ಆದರೆ ಚಕ್ಕಡಿ ಕಟ್ಟಿಕೊಂಡು ಬಂದವರು ಮರುದಿನ ಎಲ್ಲಿ ಬರುತ್ತಾರೆ?

ಹಾನಗಲ್ಲಿನ ಟೆಂಟಿನವರು ಆ ತೂತನ್ನು ಹೇಗೆ ಹೊಲಿದರು ಎಂದು ನಾನು ಕೇಳಿದೆ. ಹೊಲಿಯುವ ಪ್ರಸಂಗವೇ ಬರಲಿಲ್ಲ ಎಂದರು ದೊಡ್ಡತ್ತೆ. ಕತ್ತಿ ಹಿಡಿದವಳು ಇಂಟರ್ವಲ್ ಆದ ಮೇಲೆ ಬೀಸುವ ಕಲ್ಲಿನ ಮುಂದೆ ಕುಳಿತದ್ದನ್ನು ನೋಡಿ, ಪಕ್ಕದಲ್ಲಿದ್ದ ಒಬ್ಬ ಮುದುಕಿ, ಲಗ್ನ ಆದ ಮೇಲೆ ರಾಣಿಯಾದರೂ ಇಷ್ಟೇ ಎಂದಳಂತೆ. ಸುತ್ತ ಕುಳಿತವರೆಲ್ಲ ಹೌದು ಎಂದರಂತೆ.

ನಗು ಬಂತು ನೋಡಿ. ಅತ್ತೆ ನಕ್ಕು ನಕ್ಕು ಕೆಮ್ಮಿದರು, ದೊಡ್ಡತ್ತೆಯ ಬಾಯಿಂದ ಎಲೆ ಅಡಿಕೆ ಹೊರಗೆ ಬಂತು. ಬಾಜೂ ಮನೆಯ ಆಪಾ ಏನಾಯಿತೆಂದು ಓಡಿ ಬಂದಳು. ಅವಳಿಗೆ ಹೇಳಲು ಹೋಗಿ ನಾವು ಮತ್ತೆ ನಕ್ಕೆವು. ಸಿನಿಮಾದ ಗಂಡಂದಿರು ಇಬ್ಬರೂ ಬೇರೆ ಬೇರೆ, ಮೂಗು ನೋಡಿದರೆ ಗೊತ್ತಾಗುವುದಿಲ್ಲವೇ ಎಂದಳು ಆಪಾ, ಟಿವಿ ನೋಡಿ. ಆ ಕತ್ತಲೆಯಲ್ಲಿ ಗಂಡಸರ ಮೂಗು ಯಾರು ನೋಡುತ್ತಾರೆ ಎಂದರು ಅತ್ತೆ.

ದೊಡ್ಡತ್ತೆಯ ನಗು ಮೊದಲು ನಿಂತಿತು. ಸೆರಗಿನಿಂದ ಕಣ್ಣೊರೆಸಿಕೊಂಡವರು ಸೆರಗನ್ನು ಮುಖದಿಂದ ತೆಗೆಯಲಿಲ್ಲ. ತವರಿನಲ್ಲಿ ಗಂಡುಹುಡುಗರಿಗಿಂತ ಎತ್ತರದಿಂದ ಬಾವಿಗೆ ಹಾರುತ್ತಿದ್ದವರು ಅವರೇ, ತಂಗಿ ದಂಡೆಯ ಮೇಲೆ ಕುಳಿತು ಅಳುತ್ತಿದ್ದಳು. ಇದನ್ನು ನನಗೆ ಅತ್ತೆಯೇ ಎಷ್ಟೋ ಸಲ ಹೇಳಿದ್ದರು. ಅಂಥವರು ಹಾನಗಲ್ಲಿಗೆ ಹೋಗಿ ಒಮ್ಮೆಯೂ ಬಾಯಿ ಮಾಡದೆ ಬಾಳಿದ್ದು ಯಾಕೆ ಎಂದು ನಾವು ಯಾರೂ ಕೇಳಿರಲಿಲ್ಲ.

"ನೀ ನೋಡಿದ ರೀಲಿನ ಡಬ್ಬಿ ಹಾನಗಲ್ಲಿಗೆ ಬಂದಿದ್ರ, ತಂಗಿ," ಎಂದರು ದೊಡ್ಡತ್ತೆ, "ನಾನೂ ಒಂದ ಸಲ ಎದ್ದು ನಿಂತು ನೋಡ್ತಿದ್ದೆ."

ನನ್ನ ಅತ್ತೆಗೆ ಗೆದ್ದೆ ಎನ್ನುವ ಮನಸ್ಸಾಗಲಿಲ್ಲ. ಅವರ ಮುಖ ಸಣ್ಣದಾಯಿತು. ಹೊಸ್ತಿಲಿನ ಮೇಲಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅಕ್ಕನ ಮುಂಗೈ ಹಿಡಿದುಕೊಂಡರು.

ಆ ರಾಣಿಯ ಎರಡನೆಯ ಅರ್ಧವನ್ನು ಪೂರಾ ಹಾಕು ಎಂದು ದೊಡ್ಡತ್ತೆ ನನಗೆ ಹೇಳಿದರು. ಹಾಕಿದೆ. ಅಷ್ಟರಲ್ಲಿ ಬಿಸಿಲು ಇಳಿದು ನೇರ ಟಿವಿಯ ಮೇಲೆ ಬಿದ್ದಿತ್ತು. ಕತ್ತಿಯ ಸಪ್ಪಳ ಕೇಳುತ್ತಿತ್ತು, ಪರದೆ ಬರೀ ಬೆಳ್ಳಗೆ. ಕಟ್ಟೆಯ ಮೇಲೆ ಕುಳಿತು ದೊಡ್ಡತ್ತೆ ಹಣೆಗೆ ಕೈ ಅಡ್ಡ ಹಿಡಿದರು, ಆ ಕಡೆ ವಾಲಿದರು, ಈ ಕಡೆ ವಾಲಿದರು. ಒಳಗೆ ಬಾ ಎಂದು ಅತ್ತೆ ಕರೆಯಲಿಲ್ಲ. ಹಿಡಿದ ಕೈಯನ್ನೂ ಬಿಡಲಿಲ್ಲ.

ದೊಡ್ಡತ್ತೆ ಮೊಣಕಾಲಿಗೆ ಕೈಯೂರಿ ಎದ್ದರು. ಸೀರೆಯ ನಿರಿಗೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದರು. ಹೊಸ್ತಿಲು ದಾಟಿ ಬಂದು, ಟಿವಿಯ ಎದುರಿಗೆ, ನನ್ನ ಗಂಡ ಯಾರಿಗೂ ಬಿಟ್ಟುಕೊಡದ ಕುರ್ಚಿಯಲ್ಲಿ ಕುಳಿತರು.

ನಾಲ್ಕರ ಬಸ್ಸು ಹೋಗಿ ಬಹಳ ಹೊತ್ತಾದ ಮೇಲೆ ಹಾನಗಲ್ಲಿನಿಂದ ದೊಡ್ಡತ್ತೆಗೆ ಮಗನ ಫೋನು ಬಂತು. ಎಲ್ಲಿದ್ದೀ, ರೊಟ್ಟಿಗೆ ಹೊತ್ತಾಯಿತು ಎಂದು ಆತ ಕೇಳುತ್ತಿದ್ದದ್ದು ನಮಗೂ ಕೇಳಿಸಿತು.

"ಇವತ್ತು ನೀವ ಬಡ್ಕೊಂಡು ಉಣ್ರಿ," ಎಂದರು ದೊಡ್ಡತ್ತೆ, ಕಣ್ಣನ್ನು ಟಿವಿಯಿಂದ ತೆಗೆಯದೆ. "ನಾಳಿಗೂ ನೀವ ಬಡ್ಕೋರಿ. ನಾ ತಂಗಿ ಮನ್ಯಾಗ ಇದ್ದೇನಿ."

ಆತ ಇನ್ನೂ ಏನೋ ಹೇಳುತ್ತಿದ್ದ. ದೊಡ್ಡತ್ತೆ ಫೋನನ್ನು ನನ್ನ ಕೈಗಿತ್ತು, ಸಿನಿಮಾ ಚೂರು ಹಿಂದಕ್ಕೆ ಒಯ್ಯಿ, ಆಕೆ ಕುದುರೆ ಹತ್ತುವುದು ತಪ್ಪಿಹೋಯಿತು ಎಂದರು.